ನಿಮ್ಮ ಫೋಟೊ, ವಿಡಿಯೊ ಡಿಸ್ಕ್‌ಗಳನ್ನು ಇನ್ನು ಮುಂದೆ ಬೇರೆ ರೀತಿ ಹಂಚುತ್ತೇವೆ

ಎಲ್ಲರಿಗೂ ನಮಸ್ಕಾರ.

ಮದುವೆ, ನಾಮಕರಣ, ಮನೆ ಒಕ್ಕಲು, ಹಾಕಿ ಪಂದ್ಯ, ಕುಟುಂಬದ ಮೂಲಮನೆಯಾದ ಐನ್‌ಮನೆಯ ಹಳೇ ಫೋಟೊ ಸ್ಕ್ಯಾನಿಂಗ್, ಹೀಗೆ ಯಾವುದೋ ಒಂದು ಕೆಲಸಕ್ಕೆ ಮಡಿಕೇರಿಯ ನಮ್ಮ ಸ್ಟುಡಿಯೊಗೆ ಬಂದು ಡಿಸ್ಕ್ ತೆಗೆದುಕೊಂಡು ಹೋದವರಿಗೆಲ್ಲ ಈ ಪತ್ರ. ಸ್ವಲ್ಪ ಉದ್ದ ಇದೆ. ಆದರೆ ನಿಮ್ಮ ಬೀರುವಿನಲ್ಲಿ ನಾವು ಕೊಟ್ಟ ಹಳೇ ಡಿಸ್ಕ್ ಇದ್ದರೆ ದಯವಿಟ್ಟು ಪೂರ್ತಿ ಓದಿ.

ವಿಷಯ ಇಷ್ಟು. ಒಂದೇ ಡಿಸ್ಕ್‌ನಲ್ಲಿ ಹಿಡಿಸದಷ್ಟು ಫೋಟೊ, ವಿಡಿಯೊ ಇದ್ದಾಗ ಇಷ್ಟು ದಿನ ನಾವು ಹಂಚುವ ಕೆಲಸವನ್ನು ರೈಟ್ ಮಾಡುವ ಸಾಫ್ಟ್‌ವೇರ್‌ಗೇ ಬಿಡುತ್ತಿದ್ದೆವು. ಎಲ್ಲವನ್ನೂ ಒಟ್ಟಿಗೆ ಅದಕ್ಕೆ ಕೊಟ್ಟರೆ ಅದೇ ಲೆಕ್ಕ ಹಾಕಿ, ಒಂದು ಡಿಸ್ಕ್ ತುಂಬಿದ ಕೂಡಲೇ ಅಲ್ಲಿಗೆ ಕತ್ತರಿಸಿ, ಮುಂದಿನ ಡಿಸ್ಕ್ ಹಾಕಿ ಅಂತ ಕೇಳುತ್ತಿತ್ತು. ನಾವು ಹಾಕುತ್ತಿದ್ದೆವು. ಈ ತಿಂಗಳಿಂದ ಅದನ್ನು ನಿಲ್ಲಿಸಿದ್ದೇವೆ. ಇನ್ನು ನಾವೇ ಕೂತು ಹಂಚುತ್ತೇವೆ, ಪ್ರತಿಯೊಂದು ಡಿಸ್ಕ್ ಉಳಿದವುಗಳ ಹಂಗಿಲ್ಲದೆ ಒಂಟಿಯಾಗಿ ತೆರೆಯುವ ಹಾಗೆ.

ಯಾಕೆ ಅಂತ ಹೇಳಲೇಬೇಕು. ಕಳೆದ ಮಳೆಗಾಲ ಮುಗಿದ ಮೇಲೆ ನಾಪೋಕ್ಲು ಕಡೆಯ ಒಬ್ಬರು ಅಕ್ಕ ಬಂದರು. ಮಗಳ ಮದುವೆಯ ಆರು ಡಿವಿಡಿ ತಂದಿದ್ದರು, ನಾವೇ ಮಾಡಿಕೊಟ್ಟದ್ದು. ಅವರ ಅಪ್ಪ ತೀರಿಕೊಂಡು ವರ್ಷ ಆಗುತ್ತಾ ಬಂದಿತ್ತು, ಆ ಮದುವೆಯಲ್ಲಿ ಅವರು ಮೊಮ್ಮಗಳಿಗೆ ಅಕ್ಕಿ ಹಾಕಿ ಹರಸಿದ್ದನ್ನು ನೋಡಬೇಕು ಅಂತ ಮನೆಯವರಿಗೆಲ್ಲ ಆಸೆ. ಆರರಲ್ಲಿ ಮೂರನೆಯ ಡಿಸ್ಕ್‌ಗೆ ಬೂಸ್ಟು ಹಿಡಿದಿತ್ತು. ಉಳಿದ ಐದರಲ್ಲಿ ಒಂದು ಗೀರೂ ಇರಲಿಲ್ಲ. ಆದರೂ ಸಾಫ್ಟ್‌ವೇರ್ ಆರೂ ಸಿಕ್ಕಿದರೆ ಮಾತ್ರ ಜೋಡಿಸುತ್ತೇನೆ ಅಂತ ಕೂತಿತು.

ಆ ಹರಸುವ ವಿಡಿಯೊ ಎರಡನೆಯ ಡಿಸ್ಕ್‌ನ ಕೊನೆಯಲ್ಲಿ ಶುರುವಾಗಿ ಮೂರನೆಯದರಲ್ಲಿ ಮುಗಿದಿತ್ತು. ಎರಡನೆಯ ಡಿಸ್ಕ್ ಚೆನ್ನಾಗೇ ಇದೆಯಲ್ಲ, ಅರ್ಧವಾದರೂ ಸಿಗಲಿ ಅಂತ ನೋಡಿದೆವು. ಅದೂ ಓಡಲಿಲ್ಲ. ಕ್ಯಾಮೆರಾಗಳು ಎಂಪಿ4 ವಿಡಿಯೊ ಮಾಡುವಾಗ ಯಾವ ದೃಶ್ಯ ಎಲ್ಲಿದೆ ಅನ್ನುವ ಪಟ್ಟಿಯನ್ನು ಸಾಮಾನ್ಯವಾಗಿ ಫೈಲ್‌ನ ಕೊನೆಯಲ್ಲಿ ಬರೆಯುತ್ತವೆ. ಆ ಕೊನೆ ಮೂರನೆಯ ಡಿಸ್ಕ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಪಟ್ಟಿ ಇಲ್ಲದೆ ಮುಂದಿನ ಅರ್ಧ ಇದ್ದೂ ಇಲ್ಲದ ಹಾಗೆ. ಎರಡು ದಿನ ಬೇರೆ ಬೇರೆ ಡ್ರೈವ್‌ಗೆ ಹಾಕಿ ನಿಧಾನಕ್ಕೆ ಓದಿಸಿದೆವು. ಫೋಟೊಗಳು ಹೆಚ್ಚುಕಮ್ಮಿ ಎಲ್ಲ ಬಂದವು. ಆ ವಿಡಿಯೊ ಮಾತ್ರ ಬರಲಿಲ್ಲ. ನಮ್ಮ ಹಾರ್ಡ್ ಡಿಸ್ಕ್‌ನಲ್ಲೂ ಅಷ್ಟು ಹಳೆಯದು ಇರಲಿಲ್ಲ. ಅಕ್ಕ ನಮ್ಮನ್ನು ಒಂದು ಮಾತೂ ಬೈಯಲಿಲ್ಲ, ಫೋಟೊ ಇರುವ ಪೆನ್ ಡ್ರೈವ್ ತೆಗೆದುಕೊಂಡು ಹೋದರು. ತಪ್ಪು ನಮ್ಮದೇ. ಬೂಸ್ಟು ಬಂದದ್ದು ಒಂದು ಡಿಸ್ಕ್‌ಗೆ, ಇಡೀ ಕಟ್ಟು ಕೈಕೊಡುವ ಹಾಗೆ ಮಾಡಿದ್ದು ನಾವು ಹಂಚಿದ ರೀತಿ.

ಈಗ ಹೇಗೆ ಮಾಡುತ್ತೇವೆ ಅಂತ ಹೇಳುತ್ತೇವೆ. ಡಿವಿಡಿ ಕವರ್ ಮೇಲೆ 4.7 ಜಿಬಿ ಅಂತ ಬರೆದಿರುತ್ತದೆ. ಅದು ಸಾವಿರದ ಲೆಕ್ಕ. ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಕಂಪ್ಯೂಟರಿನಲ್ಲಿ ಅದೇ ಜಾಗ ಸುಮಾರು 4.38 ಜಿಬಿ ಅಂತ ಕಾಣುತ್ತದೆ. 25 ಜಿಬಿಯ ಬ್ಲೂ-ರೇ ಕೂಡ ಹಾಗೇ, ಸುಮಾರು 23.3 ಅಷ್ಟೇ. ಕೆಲವರು ಮನೆಯಲ್ಲೇ ಫೋಲ್ಡರ್ ಮಾಡಿ ತಂದು, 4.6 ಜಿಬಿ ಇದೆ, ಹಿಡಿಸಬೇಕಲ್ವಾ ಅಂತ ಕೇಳುವುದುಂಟು. ಕಂಪ್ಯೂಟರ್ 4.6 ಅಂತ ತೋರಿಸುತ್ತಿದ್ದರೆ ಹಿಡಿಸುವುದಿಲ್ಲ. ಹಿಡಿಸಿದರೂ ನಾವು ಅಂಚಿನವರೆಗೆ ತುಂಬುವುದಿಲ್ಲ, ಯಾಕೆಂದರೆ ಡಿಸ್ಕ್ ಒಳಗಿನಿಂದ ಹೊರಗೆ ತುಂಬುತ್ತಾ ಬರುತ್ತದೆ, ನಾವು ಎತ್ತಿ ಇಡುವಾಗ ಬೆರಳು ತಾಗುವುದು, ತೇವ ಹಿಡಿಯುವುದು, ಓದಲು ತಕರಾರು ಶುರುವಾಗುವುದು ಹೆಚ್ಚಾಗಿ ಆ ಹೊರ ಅಂಚಿನಲ್ಲೇ. ಹಾಗಾಗಿ 4.2ರ ಹತ್ತಿರ ನಿಲ್ಲಿಸುತ್ತೇವೆ.

ಹಂಚುವುದು ಕಾರ್ಯಕ್ರಮದ ಲೆಕ್ಕದಲ್ಲಿ. ಮದುವೆಯ ಹಿಂದಿನ ದಿನ ಊರವರು ಸೇರುವ ಊರ್ಕುಡುವೊ ಒಂದು ಫೋಲ್ಡರ್, ಮುಹೂರ್ತ ಒಂದು, ಗಂಗಾ ಪೂಜೆ ಒಂದು. ಒಂದು ಫೋಲ್ಡರ್ ಆದಷ್ಟು ಒಂದೇ ಡಿಸ್ಕ್‌ನಲ್ಲಿ ಇರಬೇಕು. ಒಂದು ಫೈಲ್ ಅಂತೂ ಯಾವತ್ತೂ ಎರಡು ಡಿಸ್ಕ್‌ಗೆ ಹರಿದುಹೋಗಬಾರದು. ಜೀಪಿಗೆ ಅಡುಗೆ ಪಾತ್ರೆ ತುಂಬುವಾಗ ಏನು ಮಾಡುತ್ತೇವೆ ಹೇಳಿ, ಮೊದಲು ದೊಡ್ಡ ಚರಿಗೆ, ಕೊಪ್ಪರಿಗೆ ಇಟ್ಟು, ಆಮೇಲೆ ಸಂದಿಯಲ್ಲಿ ಸೌಟು, ಲೋಟ ಸೇರಿಸುತ್ತೇವೆ. ಇಲ್ಲೂ ಅಷ್ಟೇ. ಮೊದಲು ದೊಡ್ಡ ವಿಡಿಯೊ ಫೋಲ್ಡರ್‌ಗಳಿಗೆ ಜಾಗ, ಉಳಿದ ಜಾಗಕ್ಕೆ ಸಣ್ಣ ಫೋಟೊ ಫೋಲ್ಡರ್. ಈ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಇದೆ, ಅದನ್ನು ಬಳಸುತ್ತೇವೆ. ಆದರೆ ಅದು ಮುಹೂರ್ತದ ಫೋಟೊ ಜೊತೆಗೆ ಊಟದ ಫೋಟೊ ಸೇರಿಸಿ ಜಾಗ ಉಳಿಸುತ್ತೇನೆ ಅಂದರೆ ನಾವು ಒಪ್ಪುವುದಿಲ್ಲ, ಕೈಯಿಂದ ಬದಲಾಯಿಸುತ್ತೇವೆ. ಐನ್‌ಮನೆ ಫೋಟೊಗಳಿಗೆ ಕಾರ್ಯಕ್ರಮದ ಬದಲು ತಲೆಮಾರು ಅಥವಾ ಕವಲಿನ ಪ್ರಕಾರ ಹಂಚುತ್ತೇವೆ, ಹೇಗೆ ಬೇಕು ಅಂತ ನೀವೇ ಹೇಳಿ.

ಉದ್ದ ವಿಡಿಯೊ ವಿಷಯ ಸ್ವಲ್ಪ ಬೇರೆ. ಮುಹೂರ್ತದ ವಿಡಿಯೊ ಒಂದೇ ಫೈಲ್ 11 ಜಿಬಿ ಇದ್ದರೆ ಅದು ಯಾವ ಡಿವಿಡಿಗೂ ಹಿಡಿಸುವುದಿಲ್ಲ, ತುಂಡು ಮಾಡಲೇಬೇಕು. ತುಂಡು ಮಾಡುವುದರಲ್ಲಿ ಎರಡು ರೀತಿ ಇದೆ. 7-ಜಿಪ್‌ನಂಥ ಸಾಫ್ಟ್‌ವೇರ್‌ನಲ್ಲಿ ಡಿವಿಡಿ ಅಳತೆ ಆರಿಸಿದರೆ .001, .002 ಅಂತ ತುಂಡು ಮಾಡಿಕೊಡುತ್ತದೆ. ಇಂಟರ್ನೆಟ್‌ನಲ್ಲಿ ಕಳಿಸಲು ಅದು ಚೆನ್ನಾಗಿದೆ. ಇಪ್ಪತ್ತು ವರ್ಷ ಇಟ್ಟುಕೊಳ್ಳುವುದಕ್ಕೆ ಅಲ್ಲ, ಒಂದು ತುಂಡು ಹೋದರೆ ಎಲ್ಲ ಹೋಯಿತು. ಅದರ ಬದಲು ನಾವು ದೃಶ್ಯ ಬದಲಾಗುವ ಜಾಗ ನೋಡಿ, ಪ್ರತಿ ತುಂಡೂ ಸ್ವಂತವಾಗಿ ಓಡುವ ವಿಡಿಯೊ ಆಗುವ ಹಾಗೆ ಕತ್ತರಿಸುತ್ತೇವೆ. ಚಿತ್ರವನ್ನು ಹೊಸದಾಗಿ ಕಂಪ್ರೆಸ್ ಮಾಡುವುದಿಲ್ಲ, ಆದ್ದರಿಂದ ಗುಣಮಟ್ಟ ಒಂಚೂರೂ ಇಳಿಯುವುದಿಲ್ಲ. ಪೂರ್ತಿ ಫೈಲ್ ಒಟ್ಟಿಗೇ ಬೇಕು ಅನ್ನುವವರಿಗೆ ಬ್ಲೂ-ರೇ ಅಥವಾ ಪೆನ್ ಡ್ರೈವ್. ಪೆನ್ ಡ್ರೈವ್ ನೀವೇ ತರುವುದಾದರೆ ಒಂದು ಮಾತು, ಅದು ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದಿಲ್ಲ, ಎಷ್ಟೇ ಜಾಗ ಖಾಲಿ ಇದ್ದರೂ. ನಾವು ಎಕ್ಸ್‌ಫ್ಯಾಟ್‌ಗೆ ಬದಲಾಯಿಸಬೇಕಾಗುತ್ತದೆ, ಒಳಗಿದ್ದದ್ದೆಲ್ಲ ಅಳಿಸುತ್ತದೆ. ಖಾಲಿ ಮಾಡಿ ತನ್ನಿ.

ಇದರಿಂದ ನಿಮಗೆ ಆಗುವ ತೊಂದರೆಯನ್ನೂ ನೇರವಾಗಿ ಹೇಳಿಬಿಡುತ್ತೇವೆ. ಡಿಸ್ಕ್ ಸಂಖ್ಯೆ ಜಾಸ್ತಿ ಆಗುತ್ತದೆ. 90 ಜಿಬಿ ಇರುವ ಒಂದು ಮದುವೆ ಸಾಫ್ಟ್‌ವೇರ್ ಕತ್ತರಿಸಿದರೆ 21 ಡಿವಿಡಿಗೆ ಹಿಡಿಸುತ್ತದೆ, ನಾವು ಹಂಚಿದರೆ 24 ಆಗಬಹುದು. ಆ ಹೆಚ್ಚಿನ ಡಿಸ್ಕ್‌ಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಹಳೇ ರೇಟೇ ಇರುತ್ತದೆ. ಇನ್ನೊಂದು, ಎರಡು ದಿನ ತಡ ಆಗುತ್ತದೆ. ರೈಟ್ ಮಾಡುವ ವೇಗ ಕಡಿಮೆ ಮಾಡಿದ್ದೇವೆ, ಮುಗಿದ ಮೇಲೆ ಡಿಸ್ಕ್ ಅನ್ನು ಪೂರ್ತಿ ಓದಿಸಿ ಮೂಲದ ಜೊತೆ ಹೋಲಿಸುತ್ತೇವೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅರ್ಧಕ್ಕೆ ಕರೆಂಟ್ ಹೋದ ಡಿಸ್ಕ್ ಬಿಸಾಡುವುದೇ, ಅದಕ್ಕೆ ಯುಪಿಎಸ್ ಇಟ್ಟಿದ್ದೇವೆ. ಆದರೂ ಜೋರು ಗಾಳಿ ಮಳೆ ದಿನ ರೈಟ್ ಮಾಡಲು ಕೂರುವುದಿಲ್ಲ. ಜೂನ್, ಜುಲೈನಲ್ಲಿ ಅರ್ಜೆಂಟ್ ಅನ್ನಬೇಡಿ.

24 ಡಿವಿಡಿ ಜೋಪಾನ ಮಾಡುವುದು ಕಷ್ಟ ಅನಿಸಿದರೆ ಅದೇ 90 ಜಿಬಿ ಐದು ಬ್ಲೂ-ರೇಗೆ ಬರುತ್ತದೆ. ನಮಗೆ ಕೇಳಿದರೆ ಅದೇ ವಾಸಿ. ಆದರೆ ಡಿವಿಡಿ ಡ್ರೈವ್ ಬ್ಲೂ-ರೇ ಓದುವುದಿಲ್ಲ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಯಾವ ಡ್ರೈವೂ ಇರುವುದಿಲ್ಲ. ಅದಕ್ಕಾಗಿ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಒಂದನ್ನು ಅಂಗಡಿಯಲ್ಲಿ ಇಟ್ಟಿದ್ದೇವೆ, ಮೂರು ದಿನಕ್ಕೆ ಮನೆಗೆ ತೆಗೆದುಕೊಂಡು ಹೋಗಬಹುದು. ಇನ್ನೊಂದು ವಿಷಯ ಗೊತ್ತಿರಲಿ. ಸೋನಿ ಕಂಪನಿ ರೆಕಾರ್ಡ್ ಮಾಡುವ ಬ್ಲೂ-ರೇ ಡಿಸ್ಕ್ ತಯಾರಿಕೆಯನ್ನು 2025ರ ಫೆಬ್ರವರಿಗೆ ನಿಲ್ಲಿಸಿದೆ. ಬೇರೆ ಕಂಪನಿಗಳ ಡಿಸ್ಕ್ ಸಿಗುತ್ತಿದೆ, ನಾವೂ ಸ್ವಲ್ಪ ತಂದಿಟ್ಟಿದ್ದೇವೆ. ಟಿವಿಗೆ ಹಾಕಿ ನೋಡುವ ಮಾಮೂಲಿ ಡಿವಿಡಿಯಲ್ಲಿ ಏನೂ ಬದಲಾವಣೆ ಇಲ್ಲ.

ಪ್ರತಿ ಡಿಸ್ಕ್‌ನಲ್ಲೂ 'ಪಟ್ಟಿ' ಅಂತ ಒಂದು ಫೈಲ್ ಇರುತ್ತದೆ. ಇಡೀ ಕಟ್ಟಿನಲ್ಲಿ ಯಾವ ಫೋಲ್ಡರ್ ಯಾವ ಡಿಸ್ಕ್‌ನಲ್ಲಿದೆ ಅಂತ ಅದರಲ್ಲಿ ಇದೆ. ಅದೇ ಪಟ್ಟಿ ಕಾಗದದಲ್ಲೂ ಕೊಡುತ್ತೇವೆ. ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತದೆ, ಬೇರೆ ಯಾವ ಸಾಫ್ಟ್‌ವೇರೂ ಬೇಡ. ಜೊತೆಗೆ ಪ್ರತಿ ಫೈಲ್ ಮುಂದೆ 64 ಅಕ್ಷರದ ಒಂದು ಸಾಲು ಕಾಣುತ್ತದೆ. ಅದು ಆ ಫೈಲ್‌ನ ಬೆರಳಚ್ಚು ಇದ್ದ ಹಾಗೆ, ಹತ್ತು ವರ್ಷ ಆದ ಮೇಲೂ ಫೈಲ್ ಸರಿಯಾಗಿದೆಯಾ ಅಂತ ಅದರಿಂದ ತಿಳಿಯಬಹುದು. ನಿಮಗೆ ಅರ್ಥ ಆಗದಿದ್ದರೂ ಪರವಾಗಿಲ್ಲ, ಅಳಿಸಬೇಡಿ.

ಹಳೇ ಕಟ್ಟು ಇರುವವರೆಲ್ಲ ಅದನ್ನು ತನ್ನಿ. ಇದನ್ನು ತುಂಬಾ ಒತ್ತಿ ಹೇಳುತ್ತಿದ್ದೇವೆ. ಡಿಸ್ಕ್ ಮೇಲೆ '1/6', '2/6' ಅಂತ ನಮ್ಮ ಕೈಬರಹ ಇದ್ದರೆ ಅದು ಹಳೇ ರೀತಿಯದು. ಈಗ ಎಲ್ಲ ಡಿಸ್ಕ್ ಓದುತ್ತಿರುವಾಗಲೇ ಜೋಡಿಸಿ ಹೊಸದಾಗಿ ಹಂಚಿಕೊಡುತ್ತೇವೆ, ದುಡ್ಡು ಬೇಡ. ಒಂದು ಹಾಳಾದ ಮೇಲೆ ತಂದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕಟ್ಟಿನ ಒಂದು ಡಿಸ್ಕೂ ಬಿಡದೆ ಎಲ್ಲವನ್ನೂ ತನ್ನಿ. ಬೂಸ್ಟು ಕಂಡರೆ ಸೀರೆ ಸೆರಗಿನಲ್ಲೋ ಟವೆಲ್‌ನಲ್ಲೋ ಉಜ್ಜಬೇಡಿ, ಹಾಗೇ ತನ್ನಿ. ಒರೆಸಲೇಬೇಕಾದರೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಎಳೆಯಿರಿ, ಸುತ್ತ ತಿರುಗಿಸಿ ಒರೆಸಬೇಡಿ.

ಕೇಳಿದವರಿಗೆಲ್ಲ ಎರಡು ಕಟ್ಟು ಮಾಡಿಕೊಡುತ್ತೇವೆ, ಎರಡನೆಯದಕ್ಕೆ ಡಿಸ್ಕ್‌ನ ಬೆಲೆ ಮಾತ್ರ. ಆದರೆ ಎರಡೂ ಒಂದೇ ಬೀರುವಿನಲ್ಲಿ ಇಡುವುದಾದರೆ ಸುಮ್ನೆ ದುಡ್ಡು ಹಾಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಬಿಟ್ಟು ಬಂದವರು ಉಟ್ಟ ಬಟ್ಟೆಯಲ್ಲಿ ಬಂದಿದ್ದರು, ಆಲ್ಬಮ್, ಡಿಸ್ಕ್ ಯಾರು ಎತ್ತಿಕೊಳ್ಳುತ್ತಾರೆ. ಒಂದು ಕಟ್ಟು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗಳ ಮನೆಗೆ, ತಮ್ಮನ ಮನೆಗೆ ಕಳಿಸಿ. ಇಲ್ಲಿ ಇಡುವುದನ್ನು ಗೋಡೆಗೆ ತಾಗದ ಕಪಾಟಿನಲ್ಲಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ನಿಲ್ಲಿಸಿ ಇಡಿ. ಪೊಟ್ಟಣ ನಮ್ಮಲ್ಲೇ ಇದೆ, ಕೇಳಿ ತೆಗೆದುಕೊಳ್ಳಿ.

ಹಳೇ ಕಟ್ಟು ತರುವವರು ಶುಕ್ರವಾರ ಬಿಟ್ಟು ಬೇರೆ ದಿನ ಬನ್ನಿ, ಸಂತೆ ದಿನ ಅಂಗಡಿಯಲ್ಲಿ ಜನ ಜಾಸ್ತಿ, ನಿಮ್ಮ ಎದುರೇ ಡಿಸ್ಕ್ ಹಾಕಿ ನೋಡಲು ಆಗುವುದಿಲ್ಲ. ನಾಪೋಕ್ಲು ಅಕ್ಕನಿಗೆ ಇನ್ನೊಂದು ಮಾತು. ನಿಮ್ಮ ಎರಡನೆಯ ಡಿಸ್ಕ್‌ನ ಆ ಅರ್ಧ ವಿಡಿಯೊವನ್ನು ನಾವು ಕಾಪಿ ಮಾಡಿ ಇಟ್ಟುಕೊಂಡಿದ್ದೇವೆ. ಅದೇ ಕ್ಯಾಮೆರಾದಲ್ಲಿ ಅದೇ ದಿನ ತೆಗೆದ ಬೇರೆ ಸರಿ ಇರುವ ವಿಡಿಯೊ ಇದ್ದರೆ, ಅದನ್ನು ಮಾದರಿಯಾಗಿ ಇಟ್ಟು ಯಾವ ದೃಶ್ಯ ಎಲ್ಲಿದೆ ಅನ್ನುವ ಆ ವಿಡಿಯೊದ ಪಟ್ಟಿಯನ್ನು ಹೊಸದಾಗಿ ಕಟ್ಟಲು ನೋಡಬಹುದು. ನಿಮ್ಮ ನಾಲ್ಕನೆಯ ಡಿಸ್ಕ್‌ನಲ್ಲಿ ಅಂಥದ್ದು ಇದ್ದ ನೆನಪು. ದಯವಿಟ್ಟು ಅದನ್ನು ಮತ್ತೊಮ್ಮೆ ತನ್ನಿ.

ಇಂತಿ,
ಸ್ಟುಡಿಯೊದ ಎಲ್ಲರ ಪರವಾಗಿ