ಜೋಗಪ್ಪನ ಮೊರಕ್ಕೆ ಜೋಳ ಉಂಟು, ಬಾಡಿಗೆ ಮನೆ ಇಲ್ಲ

ಮಾನ್ಯರೇ,

ಕಳೆದ ತಿಂಗಳು ನಮ್ಮ ಮಹಡಿಯ ಖೋಲಿಯನ್ನು ಲಿಂಗತ್ವ ಅಲ್ಪಸಂಖ್ಯಾತ ಯುವತಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟೆ. ಹೊಲಿಗೆ ಕೆಲಸದವಳು. ಎರಡೇ ದಿನಕ್ಕೆ ಓಣಿಯವರು ಬಂದರು: ‘ಅಕ್ಕಾರ, ಅಂಥವರಿಗೆ ಮನಿ ಕೊಟ್ರ ಹೆಣ್ಮಕ್ಕಳು ಅಡ್ಡಾಡೂದು ಹೆಂಗ್ರಿ?’ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ದೇವಿಗೆ ಮುಡಿಪಾದ ಲಿಂಗತ್ವ ಅಲ್ಪಸಂಖ್ಯಾತರಾದ ಜೋಗಪ್ಪಗಳ ಕಾಲಿಗೆ ಬೀಳುವವರೂ, ಅವರ ಮೊರಕ್ಕೆ ಜೋಳ ಹಾಕುವವರೂ ಇವರೇ!

ಬಾಡಿಗೆ ಮನೆ ಕೊಡುವಾಗ ತಾರತಮ್ಯ ಮಾಡಕೂಡದೆಂದು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕೇಂದ್ರ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. 2021ರಲ್ಲಿ ರಾಜ್ಯ ಸರ್ಕಾರ ಅವರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿಯನ್ನೂ ಕೊಟ್ಟಿತು. ನೌಕರಿ ಸಿಕ್ಕವರು ರಾತ್ರಿ ಮಲಗುವುದೆಲ್ಲಿ? ಸಲಿಂಗಿಗಳ ಗತಿ ಇನ್ನೂ ಕಷ್ಟ. ಸುಪ್ರೀಂ ಕೋರ್ಟಿನ 2018ರ ತೀರ್ಪು ಅವರನ್ನು ಅಪರಾಧಿಗಳ ಪಟ್ಟಿಯಿಂದ ಬಿಡಿಸಿತು, ಅಷ್ಟೇ. ಮನೆ ಮಾಲೀಕ ಹೊರಹಾಕಿದರೆ 2019ರ ಈ ಕಾಯ್ದೆಯಲ್ಲಿ ಅವರ ಹೆಸರೇ ಇಲ್ಲ.

ನಗರಸಭೆಯವರು ಮನೆ ತೆರಿಗೆ ರಸೀದಿಯ ಹಿಂಬದಿಯಲ್ಲಾದರೂ ಈ ನಿಯಮ ಅಚ್ಚು ಹಾಕಿಸಲಿ. ದೂರು ಕೊಡುವ ಜಾಗ ಯಾವುದೆಂದು ನಾಮಫಲಕ ಹಚ್ಚಲಿ. ನಾನೂ ಮೂವತ್ತು ವರ್ಷ ಪಾಠ ಹೇಳಿದವಳು, ಈ ಕಾಯ್ದೆ ಓದಿದ್ದು ಈಗಲೇ.

ಅಂದು ತಕರಾರು ಎತ್ತಿದ್ದ ಒಬ್ಬರು ಮೊನ್ನೆ ಗುಳೇದಗುಡ್ಡ ಖಣ ಹೊಲಿಸಲು ತಂದಿದ್ದರು. ಮೆಟ್ಟಿಲು ಹತ್ತಲಿಲ್ಲ, ನನ್ನ ಕೈಗೇ ಕೊಟ್ಟು ಹೋದರು.

–ನಿವೃತ್ತ ಶಿಕ್ಷಕಿ, ಬಾಗಲಕೋಟೆ