ಮಾಲೀಕರ ಸಂಬಳ ಎಲ್ಲಿ ಬರೆದಿದೆ?

ಮಾನ್ಯ ಸಂಪಾದಕರೇ,

ಸ್ವಂತ ವ್ಯಾಪಾರ ಕಟ್ಟಿದವರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಛಲ, ಆತ್ಮವಿಶ್ವಾಸ, ಹಗಲಿರುಳೆನ್ನದ ದುಡಿಮೆ ಇವೇ ಮತ್ತೆ ಮತ್ತೆ ಕಾಣುತ್ತವೆ. ಒಬ್ಬರೋ ಇಬ್ಬರೋ ಸೇರಿ ನಡೆಸುವ ಸಣ್ಣ ವ್ಯಾಪಾರದಲ್ಲಿ ಛಲಕ್ಕೆ ಕೊರತೆ ಬೀಳುವುದು ಅಪರೂಪ. ಅಲ್ಲಿ ನಿದ್ದೆ ಕೆಡಿಸುವ ಚಿಂತೆಗಳ ಬುಡ ಹುಡುಕುತ್ತಾ ಹೋದರೆ ಹೆಚ್ಚಿನ ಸಲ ಸಿಗುವುದು ಎಲ್ಲೂ ಬರೆದಿಡದ ಒಂದು ಲೆಕ್ಕ. ಲೆಕ್ಕ ಬರೆಯದೆ ಮನಸ್ಸಿಗೆ ಮಾತ್ರ ಧೈರ್ಯ ಹೇಳಿದರೆ ಆ ಧೈರ್ಯ ತಿಂಗಳ ಕೊನೆಯವರೆಗೂ ಬಾಳುವುದಿಲ್ಲ.

ಮೊದಲು ಮಾಲೀಕರ ಸಂಬಳದ ವಿಷಯ. ಗಲ್ಲಾಪೆಟ್ಟಿಗೆಯ ಹಣವೂ ಮನೆಯ ಹಣವೂ ಒಂದೇ ಖಾತೆಯಲ್ಲಿ ಬೆರೆತರೆ, ವ್ಯಾಪಾರ ಚೆನ್ನಾಗಿರುವ ತಿಂಗಳು ಮನೆಯ ಖರ್ಚು ಏರುತ್ತದೆ, ಕೆಟ್ಟ ತಿಂಗಳು ಮನೆಯ ಉಳಿತಾಯ ವ್ಯಾಪಾರಕ್ಕೆ ಸೇರುತ್ತದೆ. ವರ್ಷದ ಕೊನೆಗೆ ಯಾರು ಯಾರನ್ನು ಸಾಕಿದರು ಎಂಬುದು ಯಾರಿಗೂ ತಿಳಿಯುವುದಿಲ್ಲ. ಇದಕ್ಕೆ ಮೂರು ಖಾತೆ ಬೇಕು: ವ್ಯಾಪಾರದ್ದು, ಮನೆಯದು, ತೆರಿಗೆಯದು. ಹಿಂದಿನ 12 ತಿಂಗಳ ಮನೆಖರ್ಚನ್ನು ಕೂಡಿ, ಮಾಡದಿದ್ದರೂ ನಡೆಯುತ್ತಿದ್ದ ಖರ್ಚನ್ನು ಕಳೆದು, 12ರಿಂದ ಭಾಗಿಸಿದರೆ ಬರುವುದು ಕನಿಷ್ಠ ಸಂಬಳ. ಪ್ರತಿ ತಿಂಗಳು ಅದೇ ತಾರೀಖಿನಂದು ಅಷ್ಟೇ ಮೊತ್ತ ಮನೆಯ ಖಾತೆಗೆ ಹೋಗಬೇಕು. ಕೊಡಲಾಗದ ತಿಂಗಳು ಸುಮ್ಮನೆ ಬಿಡಬಾರದು. ಉಳಿದದ್ದನ್ನು ‘ಮಾಲೀಕರಿಗೆ ಬಾಕಿ’ ಎಂದು ಪುಸ್ತಕದಲ್ಲಿ ಏರಿಸಬೇಕು. ಆರು ತಿಂಗಳ ನಂತರ ಆ ಬಾಕಿ ಏರುತ್ತಲೇ ಇದ್ದರೆ, ಲಾಭವೆಂದು ತೋರುತ್ತಿರುವುದು ಕೂಲಿ ಕೊಡದ ಸ್ವಂತ ದುಡಿಮೆ ಮಾತ್ರ. ಇದು ಕಹಿ ಸುದ್ದಿಯೇ, ಆದರೆ ಮೂರನೇ ವರ್ಷಕ್ಕಿಂತ ಆರನೇ ತಿಂಗಳಲ್ಲಿ ತಿಳಿಯುವುದು ಮೇಲು. ತೆರಿಗೆಯ ಪಾಲನ್ನು ಹಣ ಬಂದ ದಿನವೇ ಬೇರೆ ಖಾತೆಗೆ ತಳ್ಳುವುದೂ ಇದೇ ಕಾರಣಕ್ಕೆ. ಕಣ್ಣೆದುರಿಗಿರುವ ಶಿಲ್ಕೆಲ್ಲ ನಮ್ಮದೇ ಎಂದು ಮನಸ್ಸು ನಂಬಿಬಿಡುತ್ತದೆ.

ಎರಡನೆಯದು ದರ. ಸೇವೆ ಮಾರುವವರು, ಅಂದರೆ ರಿಪೇರಿ, ಹೊಲಿಗೆ, ವಿನ್ಯಾಸ, ಪಾಠ ಇಂಥ ಕೆಲಸದವರು, ತಮಗೆ ಬೇಕಾದ ವಾರ್ಷಿಕ ಆದಾಯವನ್ನು ನೌಕರರ ಲೆಕ್ಕದಂತೆ 2,080 ಗಂಟೆಗಳಿಂದ (52 ವಾರ, ವಾರಕ್ಕೆ 40 ಗಂಟೆ) ಭಾಗಿಸಿ ದರ ಕಟ್ಟುತ್ತಾರೆ. ನಿಜವಾಗಿ ಸಿಗುವ ಗಂಟೆಗಳನ್ನು ಎಣಿಸಿ ನೋಡಿ. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ದಿನ. ರಜೆ, ಕಾಯಿಲೆ, ಮನೆಯ ಕೆಲಸ, ಗಿರಾಕಿಯೇ ಇಲ್ಲದ ದಿನ ಎಂದು 40 ಕಳೆದರೆ 220. ದಿನಕ್ಕೆ 8 ಗಂಟೆಯಂತೆ 1,760. ಅಂದಾಜು ಪಟ್ಟಿ ಬರೆಯುವುದು, ಸಾಮಾನು ತರುವುದು, ಲೆಕ್ಕ, ಬಾಕಿಗಾಗಿ ಫೋನು, ಕೆಟ್ಟದ್ದನ್ನು ಮತ್ತೆ ಮಾಡುವುದು ಇವಕ್ಕೆ ನೂರಕ್ಕೆ 40 ಪಾಲು ಸಲೀಸಾಗಿ ಹೋಗುತ್ತದೆ. ಹಣ ಹುಟ್ಟಿಸುವ ಗಂಟೆಗಳು ಉಳಿಯುವುದು ಸುಮಾರು 1,050. ಸಂಬಳ, ಬಾಡಿಗೆ, ಉಪಕರಣಗಳ ಸವಕಳಿ ಎಲ್ಲವನ್ನೂ ಕೂಡಿ ಈ ಸಂಖ್ಯೆಯಿಂದ ಭಾಗಿಸಬೇಕು. 2,080ರಿಂದ ಭಾಗಿಸಿದವರ ದರ ಇರಬೇಕಾದುದರ ಅರ್ಧಕ್ಕೆ ನಿಲ್ಲುತ್ತದೆ. ಉಳಿದರ್ಧವನ್ನು ಅವರು ರಾತ್ರಿ ಕುಳಿತು ತುಂಬಿಸುತ್ತಾರೆ. ಎಷ್ಟು ದುಡಿದರೂ ಸಾಲದು ಎಂಬ ಅವರ ಕೊರಗಿಗೆ ಸೋಮಾರಿತನ ಕಾರಣವಲ್ಲ, ಭಾಗಾಕಾರ ಕಾರಣ.

ಸರಕು ಮಾರುವವರು ಎಡವುವುದು ರಿಯಾಯಿತಿಯಲ್ಲಿ. 100ಕ್ಕೆ ಕೊಂಡದ್ದನ್ನು ‘25 ಪರ್ಸೆಂಟ್ ಲಾಭ’ ಇಟ್ಟು 125ಕ್ಕೆ ಮಾರುವವರು, ಗಿರಾಕಿ ಒತ್ತಾಯಿಸಿದಾಗ 20 ಪರ್ಸೆಂಟ್ ಬಿಟ್ಟರೂ 5 ಉಳಿಯುತ್ತದೆ ಎಂದುಕೊಳ್ಳುತ್ತಾರೆ. 125ರ 20 ಪರ್ಸೆಂಟ್ 25. ಅಲ್ಲಿಗೆ ಅಸಲಿಗೆ ಸರಿಹೋಯಿತು, ಬಾಡಿಗೆ ಕೈಯಿಂದ. ಇನ್ನು ಮಾರಾಟ ಬೆಲೆಯಲ್ಲಿ ನೂರಕ್ಕೆ 30 ಉಳಿಯುವ ವ್ಯಾಪಾರದಲ್ಲಿ ದರವನ್ನು ನೂರಕ್ಕೆ 10 ಇಳಿಸಿದರೆ, ಮೊದಲಿನಷ್ಟೇ ಹಣ ಉಳಿಯಲು ಒಂದೂವರೆ ಪಟ್ಟು ಸರಕು ಮಾರಬೇಕು. ಅದೇ ವ್ಯಾಪಾರದಲ್ಲಿ 10 ಏರಿಸಿದರೆ ಮಾರಾಟ ಕಾಲುಭಾಗ ಕುಸಿದರೂ ಉಳಿಕೆ ಅಷ್ಟೇ ಇರುತ್ತದೆ. ‘ದರ ಏರಿಸಿದರೆ ಗಿರಾಕಿ ಹೋಗುತ್ತಾರೆ’ ಎಂಬ ಭಯವನ್ನು ಈ ಎರಡು ಲೆಕ್ಕಗಳ ಪಕ್ಕ ಇಟ್ಟು ನೋಡಬೇಕು. ಹೊಸ ದರ ಮೊದಲು ಹೊಸ ಗಿರಾಕಿಗಳಿಗೆ, ಹಳಬರಿಗೆ ಒಂದು ತಿಂಗಳು ಮುಂಚೆ ಒಂದೇ ಸಾಲಿನ ತಿಳಿವಳಿಕೆ. ಕ್ಷಮೆ ಕೇಳುತ್ತಾ ಉದ್ದಕ್ಕೆ ಕಾರಣ ಹೇಳಲು ಹೊರಟರೆ ಅಲ್ಲೇ ಚೌಕಾಸಿ ಶುರುವಾಗುತ್ತದೆ.

ಲಾಭದಲ್ಲಿದ್ದೂ ಕೈಯಲ್ಲಿ ಕಾಸಿಲ್ಲದ ಸ್ಥಿತಿ ಹೊಸಬರನ್ನು ಕಂಗೆಡಿಸುವಷ್ಟು ಬೇರಾವುದೂ ಕಂಗೆಡಿಸುವುದಿಲ್ಲ. ಸರಕು ಕಪಾಟಿನಲ್ಲಿ 30 ದಿನ ಕೂರುತ್ತದೆ, ಉದ್ರಿ ಕೊಂಡವರು 45 ದಿನಕ್ಕೆ ಕೊಡುತ್ತಾರೆ, ನಮಗೆ ಸರಕು ಕೊಟ್ಟವರು 15 ದಿನಕ್ಕೇ ಕೇಳುತ್ತಾರೆ ಎಂದಿಟ್ಟುಕೊಳ್ಳಿ. 60 ದಿನಗಳ ಹಣ ಸದಾ ಸಿಕ್ಕಿಬಿದ್ದಿರುತ್ತದೆ. ವ್ಯಾಪಾರ ಇಮ್ಮಡಿಯಾದರೆ ಸಿಕ್ಕಿಬೀಳುವ ಹಣವೂ ಇಮ್ಮಡಿ. ದೊಡ್ಡ ಆರ್ಡರ್ ಬಂದ ಖುಷಿಯ ಬೆನ್ನಿಗೇ ಕೈಗಡ ಕೇಳುವ ಸ್ಥಿತಿ ಬರುವುದು ಹೀಗೆ.

ಇದಕ್ಕೆ ಮದ್ದು ಮುಂದಿನ 13 ವಾರಗಳ ಒಂದು ಹಾಳೆ. ವಾರಕ್ಕೊಂದು ಸಾಲು, ಆರಂಭದ ಶಿಲ್ಕು, ಬರುವ ಹಣ, ಹೋಗುವ ಹಣ, ಕೊನೆಯ ಶಿಲ್ಕು. ಬರುವ ಹಣವನ್ನು ಬಿಲ್ಲಿನ ವಾಯಿದೆ ನೋಡಿ ಬರೆಯಬಾರದು. ಆ ಗಿರಾಕಿ ಹಿಂದೆಲ್ಲ ಎಷ್ಟು ದಿನಕ್ಕೆ ಕೊಟ್ಟಿದ್ದಾರೋ ಆ ವಾರಕ್ಕೆ ಬರೆಯಬೇಕು. ಈ ಹಾಳೆ ಸುಳ್ಳಾಗುವುದು ಹೆಚ್ಚಾಗಿ ಇಲ್ಲೇ. ವಾರಕ್ಕೊಮ್ಮೆ, ಅದೇ ದಿನ, ಅರ್ಧ ಗಂಟೆ ಸಾಕು. ನೋಡಬೇಕಾದದ್ದು ಹದಿಮೂರು ಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಶಿಲ್ಕನ್ನು. ಒಂಬತ್ತನೇ ವಾರ ಹಣ ಸಾಲದು ಎಂದು ಇಂದೇ ಕಂಡರೆ ಮುಂಗಡ ಕೇಳಲು, ಖರೀದಿ ಮುಂದೂಡಲು, ಸರಕು ಕೊಟ್ಟವರ ಜತೆ ವಾಯಿದೆ ಮಾತಾಡಲು ಎಂಟು ವಾರ ಸಿಗುತ್ತದೆ. ಆ ವಾರವೇ ಕಂಡರೆ ಉಳಿಯುವುದು ಬಡ್ಡಿ ಸಾಲ.

ಬಾಕಿ ಕೇಳುವ ಸಂಕೋಚವೂ ಸ್ವಭಾವದ ಪ್ರಶ್ನೆ ಎಂದೇ ಎಲ್ಲರೂ ಹೇಳುವುದು. ನಿಯಮವೇ ಇಲ್ಲದಾಗ ಪ್ರತಿ ಸಲವೂ ಕೇಳಬೇಕೋ ಬೇಡವೋ ಎಂದು ಹೊಸದಾಗಿ ತೀರ್ಮಾನಿಸಬೇಕು, ಸಂಕೋಚಕ್ಕೆ ಅಷ್ಟು ಜಾಗ ಸಾಕು. ಕೆಲಸ ಮುಗಿದ ದಿನವೇ ಬಿಲ್; ವಾಯಿದೆಗೆ ಮೂರು ದಿನ ಮುಂಚೆ ನೆನಪಿನ ಸಂದೇಶ; ವಾಯಿದೆ ದಾಟಿದ ಮರುದಿನ ಫೋನು; 30 ದಿನ ದಾಟಿದರೆ ಹೊಸ ಸರಕಿಲ್ಲ. ಇದು ಬಿಲ್ಲಿನಲ್ಲೇ ಅಚ್ಚಾಗಿದ್ದರೆ ಕೇಳುವವರಿಗೂ ಕೊಡುವವರಿಗೂ ಮುಜುಗರವಿಲ್ಲ. ಅಂದಹಾಗೆ, ಒಬ್ಬರೇ ಗಿರಾಕಿಯಿಂದ ಆದಾಯದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರುತ್ತಿದ್ದರೆ ಈ ನಿಯಮ ಅವರ ಮುಂದೆ ನಡೆಯುವುದಿಲ್ಲ. ಅವರು ಆಗಲೇ ನಿಮ್ಮ ಯಜಮಾನರು, ಭವಿಷ್ಯನಿಧಿ ಕಟ್ಟದ ಯಜಮಾನರು.

ಮನಸ್ಸಿನ ಪಾಲು ಇಲ್ಲವೇ ಇಲ್ಲ ಎಂದೇನೂ ಅಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಮಂಡಿಸಿ 1992ರಲ್ಲಿ ಅಳತೆ ಕೊಟ್ಟಂತೆ, ನಷ್ಟದ ನೋವು ಅಷ್ಟೇ ಲಾಭದ ಸಂತೋಷಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ತೂಗುತ್ತದೆ. ಇಪ್ಪತ್ತು ಗಿರಾಕಿಗಳ ಮೆಚ್ಚುಗೆ ಮರೆತು ಒಬ್ಬರ ದೂರು ರಾತ್ರಿಯಿಡೀ ಕಾಡುವುದು ಹೊಸದೇನಲ್ಲ. ಇನ್ನೊಂದು ಕಡೆ ಅತಿಯಾದ ಭರವಸೆ: ಅಮೆರಿಕದ ಸುಮಾರು 3,000 ಹೊಸ ಉದ್ಯಮಿಗಳನ್ನು ಕೇಳಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆಲ್ಲುವ ಸಾಧ್ಯತೆ ಹತ್ತಕ್ಕೆ ಏಳು ಅಥವಾ ಹೆಚ್ಚು ಎಂದವರು ನೂರಕ್ಕೆ 81 ಮಂದಿ, ಹತ್ತಕ್ಕೆ ಹತ್ತು ಎಂದವರೇ ಮೂರನೇ ಒಂದು ಪಾಲು. ಅದೇ ದೇಶದ ಸರ್ಕಾರಿ ಅಂಕಿಅಂಶಗಳ ಪ್ರಕಾರ ಹೊಸ ಸಂಸ್ಥೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಐದು ವರ್ಷದೊಳಗೆ ಮುಚ್ಚುತ್ತವೆ. ಮುಚ್ಚಿದ್ದೆಲ್ಲ ಸೋತದ್ದಲ್ಲ, ಮಾರಿದವರೂ ಇರುತ್ತಾರೆ. ಆದರೂ ಎರಡು ಅಂಕಿಗಳ ನಡುವಿನ ಅಂತರ ಸಣ್ಣದಲ್ಲ.

ಆದ್ದರಿಂದ ನಿಲ್ಲಿಸುವ ಷರತ್ತನ್ನು ಶುರು ಮಾಡುವ ದಿನವೇ ಬರೆದಿಡುವುದು ಒಳ್ಳೆಯದು: ಉಳಿತಾಯದಲ್ಲಿ ಇಷ್ಟರವರೆಗೆ ಮಾತ್ರ ತೊಡಗಿಸುತ್ತೇನೆ, ಇಂಥ ತಾರೀಖಿನ ನಂತರ ಸತತ ಎರಡು ತ್ರೈಮಾಸಿಕ ಸಂಬಳ ಪೂರ್ತಿ ಹುಟ್ಟದಿದ್ದರೆ ದಾರಿ ಬದಲಿಸುತ್ತೇನೆ, ಮನೆಯನ್ನು ಅಡವಿಡುವುದಿಲ್ಲ. ಸಹಿ ಹಾಕಿ, ವ್ಯಾಪಾರದಲ್ಲಿ ಪಾಲಿಲ್ಲದ ಒಬ್ಬರ ಕೈಗೆ ಒಂದು ಪ್ರತಿ ಕೊಡಬೇಕು. ಮುಳುಗುತ್ತಿರುವಾಗ ಬರೆಯುವ ಷರತ್ತು ಕೆಲಸಕ್ಕೆ ಬಾರದು. ಆಗ ‘ಇಷ್ಟು ಹಾಕಿದ್ದೇನೆ, ಈಗ ಬಿಡುವುದು ಹೇಗೆ’ ಎಂಬ ಮಾತೇ ಗೆಲ್ಲುತ್ತದೆ, ಹಾಕಿದ್ದು ಬಿಟ್ಟರೂ ಬರುವುದಿಲ್ಲ, ಬಿಡದಿದ್ದರೂ ಬರುವುದಿಲ್ಲ ಎಂದು ಗೊತ್ತಿದ್ದೂ.

ಉದ್ಯಮಿಗಳನ್ನು ಪರಿಚಯಿಸುವ ನಿಮ್ಮ ವರದಿಗಾರರು ಮುಂದಿನ ಸಂದರ್ಶನಗಳಲ್ಲಿ ಮೂರು ಪ್ರಶ್ನೆ ಸೇರಿಸಿಕೊಳ್ಳಲಿ ಎಂದು ಕೋರುತ್ತೇನೆ. ಬಿಲ್ ಕೊಟ್ಟ ಎಷ್ಟು ದಿನಕ್ಕೆ ಹಣ ಕೈಸೇರುತ್ತದೆ? ತಮಗೆ ಮೊದಲ ಸಂಬಳ ತೆಗೆದುಕೊಂಡದ್ದು ಎಷ್ಟನೇ ತಿಂಗಳಲ್ಲಿ? ಅಲ್ಲಿಯವರೆಗೆ ಮನೆ ನಡೆದದ್ದು ಯಾರ ದುಡಿಮೆಯಿಂದ? ಮೂರನೆಯದಕ್ಕೆ ಸಿಗುವ ಉತ್ತರವನ್ನು ದಯವಿಟ್ಟು ಜಾಗ ಸಾಲದೆಂದು ಕತ್ತರಿಸಬೇಡಿ.

ಇತಿ,
ಒಬ್ಬ ಓದುಗ