ಪೊಟ್ಟಣದ ಮೇಲೆ ಕೊಡಗು, ಒಳಗೆ ಯಾವ ಊರಿನ ಮೆಣಸು?

ಮೈಸೂರು-ಕೊಡಗು ಕ್ಷೇತ್ರದ ಲೋಕಸಭಾ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರ. ಮೂರು ಎಕರೆ ಕಾಫಿ, ಮಧ್ಯೆ ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಪಕ್ಕದ ಮನೆಯವರು ಇತ್ತೀಚೆಗೆ ಕೊಡಗು ನೋಡಲು ಬಂದವರು ಕಾಲು ಕೆಜಿ ಕಾಳುಮೆಣಸು ಕೊಂಡು ಹೋಗಿದ್ದರು. ಪೊಟ್ಟಣದ ಮೇಲೆ ದೊಡ್ಡದಾಗಿ 'ಕೂರ್ಗ್' ಅಂತ ಇತ್ತು. "ಅಣ್ಣ, ನಮ್ಮನೆ ಮೆಣಸಿನ ಘಾಟು ಇದಕ್ಕಿಲ್ಲ" ಅಂದಳು ತಂಗಿ. ಆ ಅಂಗಡಿಗೇ ಹೋಗಿ ಕೇಳಿದೆ. ಹೋಲ್‌ಸೇಲ್‌ನಲ್ಲಿ ಬರುತ್ತೆ, ಎಲ್ಲಿಯದು ಅಂತ ನಮಗೂ ಗೊತ್ತಿಲ್ಲ ಅಂದರು. ಹೊರದೇಶದ ಮೆಣಸನ್ನೇ ಕೊಡಗಿನ ಹೆಸರಲ್ಲಿ ಮಾರುತ್ತಿದ್ದಾರೆ ಅನ್ನುವುದು ನನ್ನ ಅನುಮಾನ.

ಹೊರದೇಶದ ವ್ಯಾಪಾರವೇ ಬೇಡ ಅಂತ ನಾನು ಹೇಳಲಾರೆ. ನಮ್ಮ ಕಾಫಿ ಹೆಚ್ಚಾಗಿ ಹೋಗುವುದೇ ಹೊರದೇಶಕ್ಕೆ. ರೊಬಸ್ಟಾ ಜಾತಿಯ ಕಾಫಿಯ ರೇಟು ಲಂಡನ್ ಮಾರುಕಟ್ಟೆ ನೋಡಿಕೊಂಡು ಏರಿಳಿಯುತ್ತದೆ. 2024ರಲ್ಲಿ ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬರ ಬಂದಾಗ ನಮಗೆ ಒಳ್ಳೆ ಬೆಲೆ ಸಿಕ್ಕಿತು. ಅಲ್ಲಿನ ರೈತರ ಕಷ್ಟದಿಂದ ಬಂದ ಲಾಭ ಅದು ಅಂತ ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿ.

ಮೆಣಸಿನ ಕಥೆ ಬೇರೆ. 2016ರ ಹೊತ್ತಿಗೆ ಕೆಜಿಗೆ 700 ರೂಪಾಯಿ ಆಸುಪಾಸಿನಲ್ಲಿದ್ದ ಬೆಲೆ ಎರಡು-ಮೂರು ವರ್ಷದಲ್ಲಿ ಅರ್ಧಕ್ಕಿಳಿಯಿತು. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಜಾರಿಯಲ್ಲಿದೆ. ಅದರ ಸುಂಕ ರಿಯಾಯಿತಿ ಬಳಸಿಕೊಂಡು ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ನುಸುಳುತ್ತಿದೆ ಅನ್ನುವುದು ಬೆಳೆಗಾರರ ಹಳೆಯ ದೂರು. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸನ್ನು ಹೊರಗಿನಿಂದ ತರಿಸುವಂತಿಲ್ಲ. ಅಂದಿನಿಂದ ಗೊಬ್ಬರ, ಕೂಲಿ ಎಲ್ಲ ಎಷ್ಟು ಏರಿದೆ ಅಂತ ನಿಮಗೇ ಗೊತ್ತು.

ಮೆಣಸು ಕೊಯ್ಯುವುದು ಸುಮ್ನೆ ಅಲ್ಲ. ಮರಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿ, ಇಪ್ಪತ್ತು-ಮೂವತ್ತು ಅಡಿ ಮೇಲೆ ಒಂದೊಂದೇ ಗೊಂಚಲು ಕೀಳಬೇಕು. ಕಾಲು ಜಾರಿದರೆ ಮುಗೀತು. ಬಿಡಿಸಿ ಕಣದಲ್ಲಿ ಒಣಗಿಸಿದ ಮೇಲೆ ಮೂರು ಕೆಜಿ ಹಸಿ ಕಾಳಿಗೆ ಒಂದು ಕೆಜಿ ಸಿಕ್ಕಿದರೆ ಜಾಸ್ತಿ. ಮಳೆ ಹೆಚ್ಚಾದ ವರ್ಷ ಸೊರಗು ರೋಗ ಬಂದು ಹತ್ತು ವರ್ಷದ ಬಳ್ಳಿ ವಾರದಲ್ಲಿ ಕಪ್ಪಾಗಿ ಸಾಯುತ್ತದೆ. ಇಷ್ಟೆಲ್ಲ ಆಗಿ ಉಳಿದ ಕಾಳಿಗೆ ಕೊಡಗಿನ ಹೆಸರು ಬಂದಿದೆ. ಆ ಹೆಸರನ್ನು ಯಾರೋ ಚೀಲದ ಲೆಕ್ಕದಲ್ಲಿ ಮಾರಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆಮದಾದ ಪೊಟ್ಟಣದ ಮೇಲೆ ದೇಶದ ಹೆಸರು ಇರಲೇಬೇಕು ಎಂಬ ನಿಯಮವೇನೋ ಇದೆ. ಗೋಣಿ ಬಿಚ್ಚಿ, ಬೆರೆಸಿ, ಇಲ್ಲೇ ಪ್ಯಾಕ್ ಮಾಡಿದರೆ ಆ ಹೆಸರು ಎಲ್ಲಿ ಹೋಗುತ್ತದೆ? ಇದನ್ನು ಲೋಕಸಭೆಯಲ್ಲಿ ಕೇಳಿ. ಪ್ಯಾಕ್ ಮಾಡುವ ಜಾಗಗಳಲ್ಲಿ ಖರೀದಿ ಬಿಲ್ಲು ಪರಿಶೀಲಿಸುವಂತೆ ಮಾಡಿ. 500 ರೂಪಾಯಿಯ ಆ ಬೆಲೆಯನ್ನು ಇಂದಿನ ಖರ್ಚಿಗೆ ತಕ್ಕಂತೆ ಏರಿಸಲು ವಾಣಿಜ್ಯ ಸಚಿವಾಲಯದ ಮೇಲೆ ಒತ್ತಡ ತನ್ನಿ.

ಫೆಬ್ರವರಿಯಲ್ಲಿ ನಮ್ಮಲ್ಲಿ ಕೊಯ್ಲು ಶುರು. ಅಷ್ಟರೊಳಗೆ ನಿಮ್ಮ ಉತ್ತರ ಬಂದರೆ ಒಳ್ಳೆಯದು.

ಇಂತಿ,
ಸೋಮವಾರಪೇಟೆ ಕಡೆಯ ಒಬ್ಬ ಬೆಳೆಗಾರ